ಮುಚ್ಚಳದ ಮೇಲಿನ ಕುಂಕುಮ

2022ರಲ್ಲಿ ನನಗೆ ಅರವತ್ತಮೂರು ವರ್ಷ. ಅಟ್ಲಾಂಟಾದ ಉತ್ತರಕ್ಕಿರುವ ಕಮ್ಮಿಂಗ್‌ನಲ್ಲಿ, ಕಾರು ಎತ್ತುವ ಎರಡು ಲಿಫ್ಟ್‌ಗಳ ಒಂದು ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೆ. ಅದಕ್ಕೂ ಮೊದಲು ಮೈಸೂರಿನ ಬಸ್ ಡಿಪೋದಲ್ಲಿ ಹದಿನೈದು ವರ್ಷ, ಇಲ್ಲಿದ್ದ ಅಕ್ಕ ಹಾಕಿದ ವಲಸೆ ಅರ್ಜಿಯ ಮೇಲೆ ಅಮೆರಿಕಕ್ಕೆ ಬಂದ ನಂತರ ಬೇರೆಯವರ ಗ್ಯಾರೇಜುಗಳಲ್ಲಿ ಹನ್ನೆರಡು ವರ್ಷ ಕೈ ಕಪ್ಪು ಮಾಡಿಕೊಂಡಿದ್ದೆ. ಡಿಪೋದಲ್ಲಿ ನನ್ನನ್ನು ಹಾಕಿದ್ದು ಬ್ರೇಕ್ ಸೆಕ್ಷನ್ನಿಗೆ. ಹಾಗಾಗಿ ನಾಗರಾಜ ಎಂಬ ಹೆಸರು ಬಿಟ್ಟು ಇಲ್ಲಿನ ಕನ್ನಡದ ಮನೆಗಳವರು ನನ್ನನ್ನು ಬ್ರೇಕ್ ಅಂಕಲ್ ಎಂದೇ ಕರೆಯುತ್ತಿದ್ದರು. ಆ ಹೆಸರು ನನಗೆ ಹಿತವಾಗಿತ್ತು. ಬ್ರೇಕಿನ ವಿಷಯದಲ್ಲಿ ನನ್ನ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿಯುವ ಹೊತ್ತಿಗೆ ಒಬ್ಬ ಮನುಷ್ಯನ ಜೀವ ಹೋಗಿತ್ತು. ಆ ಒಂದು ಕಾರಿನ ವಿಷಯವನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಕಾರು 1968ರ ಮಾಡೆಲ್ಲು. ಎರಡು ಬಾಗಿಲಿನ, ಮೇಲ್ಛಾವಣಿ ಮಡಚುವಂಥ, ಕಡುನೀಲಿ ಬಣ್ಣದ ಅಮೆರಿಕನ್ ಕಾರು. ಅದರ ಮಾಲೀಕ ಪ್ರಸನ್ನ ಮೈಸೂರಿನವನು, ನಲವತ್ತನಾಲ್ಕು ವರ್ಷದವನು. ಸಾಫ್ಟ್‌ವೇರ್ ಕೆಲಸ, ಹೆಂಡತಿ ವಿದ್ಯಾ, ಹದಿನೈದು ವರ್ಷದ ಮಗಳು ಅನಿಕಾ. ನನ್ನ ವರ್ಕ್‌ಶಾಪಿನಿಂದ ಹತ್ತು ನಿಮಿಷದ ದಾರಿಯಲ್ಲಿ ಮನೆ. ಹಳೆಯ ಕಾರು ಇಟ್ಟುಕೊಳ್ಳುವವರಲ್ಲಿ ಎರಡು ಜಾತಿ. ಒಂದು ಜಾತಿಯವರು ಹೊರಗೆ ಪಾಲಿಶ್ ಹೊಡೆದು ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ಜಾತಿಯವರು ಯಾವ ಬೋಲ್ಟನ್ನು ಯಾವಾಗ ಬಿಚ್ಚಿದೆ ಎಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಪ್ರಸನ್ನ ಎರಡನೆಯವನು. ಅವನ ನೋಟ್‌ಬುಕ್ ನೋಡಿ ನಾನು ಎಷ್ಟೋ ಸಲ ಚುಡಾಯಿಸಿದ್ದೆ.

ಆ ವರ್ಷದ ಆಯುಧಪೂಜೆ ಕಳೆದು ಎರಡನೆಯ ಶನಿವಾರ ಅವನು ಕಾರು ತಂದ. ಜೊತೆಯಲ್ಲಿ ಅವನ ತಂದೆ ಗೋವಿಂದಯ್ಯನವರು ಇದ್ದರು. ಅವರು ಮೈಸೂರಿನಲ್ಲಿ ನಲವತ್ತಾರು ವರ್ಷ ಟೈಲರ್ ಅಂಗಡಿ ನಡೆಸಿದವರು. ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. ಬಿಳಿ ಅಂಗಿ, ಕಿವಿಯ ತನಕ ಇಳಿದ ಮಫ್ಲರ್. ನನ್ನ ಗೋಡೆಯ ಮೇಲೆ ನೇತು ಹಾಕಿದ್ದ ಸ್ಪ್ಯಾನರ್‌ಗಳ ಸಾಲನ್ನು ಅವರು ಒಂದೊಂದಾಗಿ ನೋಡುತ್ತ ನಿಂತರು.

"ಅಂಕಲ್, ಬ್ರೇಕ್ ಡ್ರ್ಯಾಗ್ ಆಗ್ತಿದೆ. ಹತ್ತು ಮೈಲಿ ಹೋದ್ಮೇಲೆ ಪೆಡಲ್ ಗಟ್ಟಿ ಆಗತ್ತೆ. ಕಾಲು ತೆಗೆದ್ರೂ ಗಾಡಿ ಮುಂದಕ್ಕೆ ಉರುಳಲ್ಲ. ಮೂರು ದಿನದಿಂದ ಹೀಗೆ," ಎಂದ ಪ್ರಸನ್ನ.

ಪೆಡಲ್‌ನಿಂದ ಕಾಲು ತೆಗೆದ ಮೇಲೂ ಬ್ರೇಕು ಚಕ್ರವನ್ನು ಬಿಡದೆ ಹಿಡಿದುಕೊಂಡೇ ಇರುವುದಕ್ಕೆ ಬ್ರೇಕ್ ಡ್ರ್ಯಾಗ್ ಎನ್ನುತ್ತಾರೆ. ಹಿಡಿದುಕೊಂಡಷ್ಟೂ ಚಕ್ರ ಕಾಯುತ್ತದೆ, ಕಾದಷ್ಟೂ ಒಳಗಿನ ದ್ರವ ಹಿಗ್ಗಿ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಕೊನೆಗೆ ಹೊಗೆ ಬರುತ್ತದೆ. ಕಾರಣಗಳು ಹಲವು, ಆದರೆ ಹುಡುಕುವ ಕ್ರಮ ಒಂದೇ. ಚಕ್ರದ ಬಳಿಯಿರುವ ಬ್ಲೀಡರ್ ಎಂಬ ಸಣ್ಣ ತಿರುಪನ್ನು ಸಡಿಲಿಸಬೇಕು. ದ್ರವ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಪೈಪಿನೊಳಗೆ ಸಿಕ್ಕಿಕೊಂಡಿದೆ ಎಂದರ್ಥ. ಬಿಟ್ಟುಕೊಳ್ಳದಿದ್ದರೆ ದೋಷ ಚಕ್ರದಲ್ಲೇ ಇದೆ.

ಕಾರನ್ನು ಲಿಫ್ಟಿಗೇರಿಸಿ ಮುಂದಿನ ಎರಡು ಚಕ್ರಗಳನ್ನೂ ಕೈಯಲ್ಲಿ ತಿರುಗಿಸಿ ನೋಡಿದೆ. ಎರಡೂ ಬಿಗಿ. ಎಡಗಡೆಯ ಬ್ಲೀಡರ್ ಸಡಿಲಿಸಿದೆ. ದ್ರವ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಬಲಗಡೆಯೂ ಹಾಗೆಯೇ. ಎರಡೂ ಕಡೆ ಒಂದೇ ಥರ ಆದರೆ ದೋಷ ಮೇಲಿನದು. ಅಂದರೆ ಪೆಡಲ್ ಒತ್ತಿದಾಗ ನಾಲ್ಕೂ ಚಕ್ರಗಳಿಗೆ ದ್ರವವನ್ನು ದೂಡುವ ಮಾಸ್ಟರ್ ಸಿಲಿಂಡರಿನದು. ಇಲ್ಲಿಯ ತನಕ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ.

ಆಗ ಗಂಟೆ ಹನ್ನೆರಡೂವರೆ. ಜಾನ್ಸ್ ಕ್ರೀಕ್‌ನಲ್ಲಿ ಒಂದು ಮಗುವಿನ ನಾಮಕರಣದ ಊಟವಿತ್ತು. ಹೆಂಡತಿ ಎರಡು ಸಲ ಫೋನ್ ಮಾಡಿದ್ದಳು. ನಾನು ಕಾರನ್ನು ಕೆಳಗಿಳಿಸಿ, ಬಾನೆಟ್ ಎತ್ತಿ ಒಳಗೆ ಬಗ್ಗಿದೆ. ಮಾಸ್ಟರ್ ಸಿಲಿಂಡರಿನ ಮೇಲೆ ದ್ರವದ ತೊಟ್ಟಿ ಇರುತ್ತದೆ. ಅದಕ್ಕೊಂದು ತಗಡಿನ ಮುಚ್ಚಳ, ಮುಚ್ಚಳವನ್ನು ಹಿಡಿದಿಡಲು ಟಿಫಿನ್ ಕ್ಯಾರಿಯರಿನ ಕೊಂಡಿಯಂಥ ಒಂದು ತಂತಿ. ಮುಚ್ಚಳದ ಮೇಲೆ ಅರಿಶಿನ, ಕುಂಕುಮದ ಬೊಟ್ಟು ಇತ್ತು. ಹಬ್ಬ ಕಳೆದು ಹದಿನೈದು ದಿನವೂ ಆಗಿಲ್ಲ, ಇರುವುದೇ. ತೊಟ್ಟಿ ತೆರೆಯುವ ಮುಂಚೆ ಸುತ್ತಲಿನ ಧೂಳು ಒರೆಸಬೇಕು ಎಂಬುದು ಮೊದಲ ಪಾಠ. ನಾನು ಕುಂಕುಮ ಮುಟ್ಟಿ ಕಣ್ಣಿಗೊತ್ತಿಕೊಂಡು ಬಟ್ಟೆಯಿಂದ ಒರೆಸಿಬಿಟ್ಟೆ.

ಅಷ್ಟು ಹೊತ್ತಿಗೆ ಗೋವಿಂದಯ್ಯನವರು ಹತ್ತಿರ ಬಂದು ಬಾನೆಟ್ಟಿನೊಳಗೆ ಇಣುಕಿದರು.

"ಸ್ವಾಮಿ, ಹಬ್ಬದ ದಿನ ಪ್ರಸನ್ನ ಊರಲ್ಲಿರ್ಲಿಲ್ಲ. ನಾನೇ ಇದನ್ನೆಲ್ಲ..." ಎಂದು ಶುರು ಮಾಡಿದರು.

"ಯಜಮಾನ್ರೇ, ನೀವು ಆರಾಮಾಗಿ ಕೂತ್ಕೊಳಿ. ಗ್ರೀಸು ಗೀಸು ಅಂಗಿಗೆ ಆಗತ್ತೆ. ಟೀ ಕೊಡ್ತೀನಿ, ಕುಡೀರಿ," ಎಂದು ನಾನು ಅವರನ್ನು ಮೊಣಕೈ ಹಿಡಿದು ಕರೆದೊಯ್ದು ಲಿಫ್ಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಕೆಟಲ್ಲಿನಿಂದ ಟೀ ಬಗ್ಗಿಸಿ ಕೈಗೆ ಕೊಟ್ಟೆ. ಹಿರಿಯರಿಗೆ ಮರ್ಯಾದೆ ಮಾಡಿದೆ ಎಂದೇ ನನ್ನ ಲೆಕ್ಕ. ನಮ್ಮಲ್ಲಿ ಹಿರಿಯರನ್ನು ಸುಮ್ಮನಿರಿಸುವ ಮರ್ಯಾದಸ್ಥ ವಿಧಾನ ಅದು. ಅವರು ಇನ್ನೊಮ್ಮೆ ನನ್ನ ಕಡೆ ನೋಡಿದರು, ಆಮೇಲೆ ಟೀ ಕುಡಿದರು.

ಮುಚ್ಚಳ ತೆಗೆದೆ. ಅದರ ಕೆಳಗೆ ಒಂದು ರಬ್ಬರ್ ಹಾಳೆ ಇರುತ್ತದೆ. ಅದು ಅಂಚಿನಲ್ಲಿ ಸ್ವಲ್ಪ ಅಲೆಯಲೆಯಾಗಿ ಎದ್ದಿತ್ತು. ವಾಪಸ್ ಕೂರಿಸುವಾಗ ಸರಿಯಾಗಿ ಕೂರಲಿಲ್ಲ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದೆ. ಈಗಿನ ಬಿಡಿಭಾಗಗಳ ಹಣೆಬರಹವೇ ಇಷ್ಟು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಪೆಡಲ್ಲಿಗೂ ಸಿಲಿಂಡರಿಗೂ ನಡುವೆ ಇರುವ ಪುಶ್‌ರಾಡ್ ಎಂಬ ಸಲಾಕೆಗೆ ಎಂಟನೇ ಒಂದು ಇಂಚಿನಷ್ಟಾದರೂ ಸಡಿಲ ಇರಬೇಕು. ಇದರಲ್ಲಿ ಸಡಿಲವೇ ಇರಲಿಲ್ಲ. ಸಿಕ್ಕಿತು ಎಂದುಕೊಂಡೆ. ಸಲಾಕೆಯನ್ನು ಸರಿಯಾದ ಅಳತೆಗೆ ಹೊಂದಿಸಿ, ಬ್ಲೀಡರ್ ಬಿಗಿದು, ದ್ರವ ತುಂಬಿ, ನಾನೇ ನಾಲ್ಕು ಮೈಲಿ ಓಡಿಸಿಕೊಂಡು ಬಂದೆ. ಚಕ್ರಗಳು ಸಲೀಸಾಗಿ ತಿರುಗುತ್ತಿದ್ದವು.

"ಪುಶ್‌ರಾಡ್ ಕಣಪ್ಪಾ. ಇನ್ನು ಕ್ಯಾಲಿಫೋರ್ನಿಯಾ ತನಕ ಬೇಕಾದ್ರೂ ಹೋಗು," ಎಂದೆ. ಪ್ರಸನ್ನ ನಕ್ಕು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡ. ನಾನು ನಾಮಕರಣದ ಊಟಕ್ಕೆ ಸರಿಯಾದ ಹೊತ್ತಿಗೆ ಹೋದೆ. ಹೋಳಿಗೆ ಚೆನ್ನಾಗಿತ್ತು.

ಮೂರು ವಾರ ಕಳೆದ ಮೇಲೆ, ನವೆಂಬರಿನ ಒಂದು ಶನಿವಾರ ಬೆಳಿಗ್ಗೆ, ಪ್ರಸನ್ನ ಡಾಸನ್‌ವಿಲ್ ಕಡೆ ಹಳೆಯ ಕಾರುಗಳವರು ಸೇರುವ ಕಡೆಗೆ ಒಬ್ಬನೇ ಹೊರಟ. ನನ್ನ ರಿಪೇರಿಯ ನಂತರ ಅದುವರೆಗೆ ಅವನು ಆ ಕಾರನ್ನು ಬಡಾವಣೆಯ ರಸ್ತೆಗಳಲ್ಲಿ ಎರಡು, ಮೂರು ಮೈಲಿ ಓಡಿಸಿದ್ದನಷ್ಟೆ. ಕಮ್ಮಿಂಗ್ ದಾಟಿ ಉತ್ತರಕ್ಕೆ ಹೋದರೆ ನಾನೂರು ನಂಬರಿನ ಹೆದ್ದಾರಿಯಲ್ಲಿ ಸಿಗ್ನಲ್‌ಗಳು ಬರುತ್ತವೆ. ವೇಗವಾಗಿ ಹೋಗುವುದು, ಬ್ರೇಕ್ ಒತ್ತುವುದು, ಮತ್ತೆ ವೇಗ. ಪ್ರತಿ ಸಲ ಒತ್ತಿದಾಗಲೂ ಒಳಗೆ ಸ್ವಲ್ಪ ಸ್ವಲ್ಪ ಒತ್ತಡ ಉಳಿದುಕೊಂಡಿರಬೇಕು. ಎಡ ಮುಂದಿನ ಚಕ್ರದಿಂದ ಹೊಗೆ ಬಂದಿದೆ. ಅವನು ಬಲಗಡೆಯ ಶೋಲ್ಡರಿಗೆ, ಅಂದರೆ ರಸ್ತೆಯಂಚಿನ ಖಾಲಿ ಪಟ್ಟಿಗೆ ಕಾರು ತಂದು ನಿಲ್ಲಿಸಿದ್ದಾನೆ. ಅಪಾಯದ ದೀಪಗಳನ್ನೂ ಹಾಕಿದ್ದಾನೆ. ಎಲ್ಲ ಸರಿಯಾಗಿಯೇ ಮಾಡಿದ್ದಾನೆ. ಆದರೆ ಹೊಗೆ ಬರುತ್ತಿದ್ದ ಚಕ್ರ ರಸ್ತೆಯ ಕಡೆಗಿತ್ತು. ಅದನ್ನು ನೋಡಲು ಬಗ್ಗಿದವನಿಗೆ ಒಂದು ಪಿಕಪ್ ಟ್ರಕ್ ಬಡಿಯಿತು. ಆಂಬ್ಯುಲೆನ್ಸ್ ಬರುವ ಮೊದಲೇ ಜೀವ ಹೋಗಿತ್ತು.

ಅಂತ್ಯಕ್ರಿಯೆಗೆ ಹೋದೆ. ಅಲ್ಲಿ ಜನ ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದು ಕಿವಿಗೆ ಬಿದ್ದೇ ಬೀಳುತ್ತಿತ್ತು. ಹಳೇ ಕಾರಿನ ಹುಚ್ಚು, ಹೆಂಡತಿ ಮಕ್ಕಳ ಯೋಚನೆ ಬೇಡವಾ, ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ ಹೋಗಿದಾನಂತೆ. ಆಮೇಲೆ ವಿದ್ಯಾಳಿಗೆ ಬಂದ ವಿಮೆಯವರ ಪತ್ರದಲ್ಲೂ ವಾಹನದ ನಿರ್ವಹಣೆಯಲ್ಲಿ ಮಾಲೀಕರ ನಿರ್ಲಕ್ಷ್ಯ ಎಂಬ ಅರ್ಥದ ಒಂದು ಸಾಲಿತ್ತು. ಅಂದು ನಾನು ಎಲ್ಲರ ಜೊತೆ ತಲೆ ತಗ್ಗಿಸಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ನನ್ನ ಎದೆಯೊಳಗೆ ಆಗಲೇ ಏನೋ ಕೊರೆಯುತ್ತಿತ್ತು, ಆದರೆ ಚಕ್ರದ ಬೇರಿಂಗ್ ಹೋಗಿರಬಹುದು, ಚಕ್ರವನ್ನು ಹಿಡಿಯುವ ಕ್ಯಾಲಿಪರ್ ಸಿಕ್ಕಿಕೊಂಡಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಡಿಸೆಂಬರಿನ ಎರಡನೆಯ ವಾರ ವಿದ್ಯಾ ಫೋನ್ ಮಾಡಿದಳು.

"ಅಂಕಲ್, ಪೊಲೀಸ್‌ನೋರು ಕಾರ್ ರಿಲೀಸ್ ಮಾಡಿದಾರೆ. ನಿಮ್ಮ ಹತ್ರ ಟೋ ಮಾಡಿಸ್ತೀನಿ. ನೋಡಿ ನನಗೊಂದು ಹೇಳ್ಬೇಕು ನೀವು."

"ಏನಮ್ಮ?"

"ಅವ್ರಿಗೆ ಗೊತ್ತಿದ್ದೂ ಹೋದ್ರಾ? ಮುಂದಿನ ವಾರ ಅನಿಕಾನ ಅದ್ರಲ್ಲೇ ಕರ್ಕೊಂಡು ಹೋಗ್ತೀನಿ ಅಂದಿದ್ರು. ಗೊತ್ತಿದ್ದೂ ನನ್ನ ಮಗಳನ್ನ ಅದ್ರಲ್ಲಿ ಕೂರಿಸ್ತಿದ್ರಾ? ಅದು ಗೊತ್ತಾಗೋವರ್ಗೂ ನಂಗೆ ಅವ್ರಿಗೋಸ್ಕರ ಅಳಕ್ಕೂ ಆಗ್ತಿಲ್ಲ ಅಂಕಲ್. ಬರೀ ಕೋಪ ಬರತ್ತೆ."

ಕಾರು ಬಂತು. ಎಡ ಮುಂಭಾಗದಲ್ಲಿ ತಗಡು ತರಚಿತ್ತು. ಅದರ ಕಡೆ ನೋಡದೆ ಲಿಫ್ಟಿಗೇರಿಸಿದೆ. ತಣ್ಣಗಿದ್ದರೂ ಚಕ್ರಗಳು ಬಿಗಿಯಾಗಿದ್ದವು. ಪೆಡಲನ್ನು ಒಂದೇ ಸಲ ಒತ್ತಿ ಬಿಟ್ಟೆ. ನಾಲ್ಕು ಚಕ್ರಗಳೂ ಕಚ್ಚಿಕೊಂಡು ನಿಂತವು, ಬಿಡಲೇ ಇಲ್ಲ. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪನ್ನು ಸಡಿಲಿಸಿದೆ. ದ್ರವ ಚಿಮ್ಮಿತು, ಆ ಪೈಪಿನ ಚಕ್ರಗಳು ಬಿಟ್ಟುಕೊಂಡವು. ಅಂದರೆ ಪುಶ್‌ರಾಡ್ ನೆಪ ಮಾತ್ರ. ದೋಷ ಸಿಲಿಂಡರಿನ ಹೊಟ್ಟೆಯೊಳಗೇ ಇತ್ತು.

ತೊಟ್ಟಿಯ ಮುಚ್ಚಳ ತೆಗೆದೆ. ನಾನು ಅಂದು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ್ದ ರಬ್ಬರ್ ಹಾಳೆ ಈಗ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುರುಳಿ ಎದ್ದು ಉಬ್ಬಿತ್ತು. ಎಷ್ಟು ಒತ್ತಿದರೂ ಅದರ ಜಾಗಕ್ಕೆ ಹಿಡಿಸುವಂತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅಲ್ಲೇ ಇದ್ದ ಟಯರಿನ ಮೇಲೆ ಕೂತುಬಿಟ್ಟೆ.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಬ್ರೇಕಿನ ದ್ರವವನ್ನು ನಾವು ಊರಲ್ಲಿ ಬ್ರೇಕ್ ಆಯಿಲ್ ಎಂದರೂ ಅದು ಎಣ್ಣೆಯಲ್ಲ. ಎಂಜಿನ್ ಎಣ್ಣೆ, ಮಿಷನ್ ಎಣ್ಣೆ, ಯಾವ ಖನಿಜ ತೈಲವೂ ಅದರೊಳಗೆ ಒಂದು ಚಮಚ ಬೀಳಬಾರದು. ಬಿದ್ದರೆ ಒಳಗಿನ ರಬ್ಬರ್ ಬಳೆಗಳೆಲ್ಲ ಎಣ್ಣೆ ಕುಡಿದು ಊದುತ್ತವೆ. ಮಾಸ್ಟರ್ ಸಿಲಿಂಡರಿನೊಳಗೆ ಹೊಲಿಗೆ ಸೂಜಿಯ ಕಣ್ಣಿನಷ್ಟು ಸಣ್ಣ ರಂಧ್ರವಿದೆ. ಕಾಲು ತೆಗೆದಾಗ ದ್ರವ ತೊಟ್ಟಿಗೆ ಮರಳುವುದು ಆ ರಂಧ್ರದಿಂದ. ಊದಿದ ರಬ್ಬರ್ ಅದನ್ನು ಮುಚ್ಚಿತೆಂದರೆ ಒಳಗೆ ಹೋದ ಒತ್ತಡಕ್ಕೆ ಹೊರಬರುವ ದಾರಿಯೇ ಇಲ್ಲ. ನಾನು ಪುಶ್‌ರಾಡ್ ಸಡಿಲಿಸಿದಾಗ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಸರಿದು ರಂಧ್ರ ಸ್ವಲ್ಪ ತೆರೆದುಕೊಂಡಿತ್ತು. ನಾಲ್ಕು ಮೈಲಿ ಓಡಿಸಿ ನೋಡಲು ಅಷ್ಟು ಸಾಕಾಯಿತು. ರಬ್ಬರ್ ಊದುವುದು ಮಾತ್ರ ನಿಂತಿರಲಿಲ್ಲ.

ಈ ದೋಷಕ್ಕೆ ಮೊದಲ ಗುರುತೇ ಮುಚ್ಚಳದಡಿಯ ರಬ್ಬರ್. ಡಿಪೋಗೆ ಸೇರಿದ ಮೊದಲ ವಾರ ನನಗೆ ಹೇಳಿಕೊಟ್ಟದ್ದು ಅದನ್ನೇ. ನಾನು ಎಷ್ಟೋ ಮೆಕ್ಯಾನಿಕ್‌ಗಳಿಗೆ ಹೇಳಿಕೊಟ್ಟದ್ದೂ ಅದನ್ನೇ. ರಬ್ಬರ್ ಉಬ್ಬಿದ್ದರೆ ಎಣ್ಣೆ ಬಿದ್ದಿದೆ, ಪೂರ್ತಿ ಬಿಚ್ಚು, ಒಂದು ಬಳೆಯನ್ನೂ ಉಳಿಸಬೇಡ. ಅಂದು ಆ ಗುರುತು ನನ್ನ ಹೆಬ್ಬೆರಳ ಕೆಳಗೇ ಇತ್ತು.

ತೊಟ್ಟಿಯ ದ್ರವವನ್ನು ಒಂದು ಗಾಜಿನ ಸೀಸೆಗೆ ತೆಗೆದು ಕಿಟಕಿಯಲ್ಲಿಟ್ಟೆ. ಒಂದು ಗಂಟೆಯ ಮೇಲೆ ನೋಡಿದರೆ ಎರಡು ಪದರವಾಗಿತ್ತು. ಕೆಳಗೆ ಹಳದಿ ದ್ರವ, ಮೇಲೆ ಬೆರಳಿನಷ್ಟು ದಪ್ಪಕ್ಕೆ ತಿಳಿ ಎಣ್ಣೆ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಆ ಸಂಜೆ ನನ್ನ ತಲೆಯಲ್ಲಿ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಯಾರು ನೋಡುತ್ತಾರೆ? ಸೀಸೆಯನ್ನು ಸಿಂಕಿಗೆ ಸುರಿದು, ಹಳೆಯ ಕಾರು ಕಣಮ್ಮ, ಏನೋ ಆಗಿದೆ ಎಂದುಬಿಟ್ಟರೆ ಮುಗಿಯಿತು. ನಿರ್ಲಕ್ಷ್ಯ ಸತ್ತವನ ತಲೆಯ ಮೇಲೆಯೇ ಉಳಿಯುತ್ತಿತ್ತು, ಬ್ರೇಕ್ ಅಂಕಲ್ ಬ್ರೇಕ್ ಅಂಕಲ್ ಆಗಿಯೇ ಇರುತ್ತಿದ್ದ. ಎರಡು ದಿನ ಆ ಸೀಸೆಯನ್ನು ನೋಡುತ್ತ ಓಡಾಡಿದೆ. ನಾಚಿಕೆಯಾಗುತ್ತದೆ, ಆದರೆ ಎರಡು ದಿನ ಹಿಡಿದದ್ದು ನಿಜ.

ಮೂರನೆಯ ದಿನ ಪ್ರಸನ್ನನ ಮನೆಗೆ ಹೋದೆ. ವಿದ್ಯಾ ಗ್ಯಾರೇಜಿನ ಬಾಗಿಲು ತೆಗೆದಳು. ಕಾರಿನ ಜಾಗ ಖಾಲಿಯಿತ್ತು. ಕಪಾಟಿನಲ್ಲಿ ಅವನ ಡಬ್ಬಿಗಳೆಲ್ಲ ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಬ್ರೇಕ್ ದ್ರವದ ಡಬ್ಬಿಯ ಸೀಲ್ ಒಡೆದಿರಲಿಲ್ಲ. ನೋಟ್‌ಬುಕ್ ತೆರೆದು ಹಿಂದಿನ ಆರು ತಿಂಗಳ ಪುಟಗಳನ್ನು ತಿರುವಿದೆ. ಆ ತೊಟ್ಟಿಯನ್ನು ಅವನು ಮುಟ್ಟಿಯೇ ಇರಲಿಲ್ಲ. ಕೊನೆಯ ಸಾಲು ನನ್ನ ಮಾತೇ. 'ಪುಶ್‌ರಾಡ್ ಅಡ್ಜಸ್ಟ್ ಮಾಡಲಾಗಿದೆ, ನಾಗರಾಜ ಅಂಕಲ್. ಓಕೆ.'

ಗೋವಿಂದಯ್ಯನವರು ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತರು. ಎರಡು ತಿಂಗಳಲ್ಲಿ ಹತ್ತು ವರ್ಷ ವಯಸ್ಸಾದವರಂತೆ ಕಾಣುತ್ತಿದ್ದರು. ಕಪಾಟಿನ ಕೊನೆಯಲ್ಲಿ ವಿದ್ಯಾಳ ಹೊಲಿಗೆ ಮಿಷನ್ ಇತ್ತು. ಅದರ ಪಕ್ಕದಲ್ಲಿ ಮೂತಿ ಉದ್ದದ ಒಂದು ಸಣ್ಣ ಎಣ್ಣೆ ಬಾಟಲಿ. ಅದನ್ನು ನೋಡಿದ ಕ್ಷಣವೇ ನನಗೆ ಮುಚ್ಚಳದ ಮೇಲಿನ ಕುಂಕುಮ ನೆನಪಾಯಿತು.

"ಯಜಮಾನ್ರೇ, ಹಬ್ಬದ ದಿನ ಕಾರಿಗೆ ಪೂಜೆ ಮಾಡಿದ್ದು ನೀವಾ?" ಎಂದು ಕೇಳಿದೆ.

"ಹೂಂ ಸ್ವಾಮಿ. ಪ್ರಸನ್ನ ಆಫೀಸ್ ಕೆಲ್ಸ ಅಂತ ಏಪೆಕ್ಸ್ ಅನ್ನೋ ಊರಿಗೆ ಹೋಗಿದ್ದ. ಪೂಜೆ ತಪ್ಪಬಾರ್ದಲ್ಲ. ಬೆಳಿಗ್ಗೆ ಎಲ್ಲಾನೂ ಒರೆಸ್ದೆ. ಆಯುಧಪೂಜೆ ಅಂದ್ರೆ ನಮ್ಮ ಅಂಗಡೀಲಿ ಮೊದ್ಲು ಮಿಷನ್‌ಗೆ ಎಣ್ಣೆ. ಕತ್ರಿಗೂ ಒಂದು ತೊಟ್ಟು. ಎಣ್ಣೆ ಕಾಣದೆ ಇರೋ ಆಯುಧಕ್ಕೆ ಕುಂಕುಮ ಇಟ್ಟೋನೇ ಅಲ್ಲ ನಾನು. ಕಾರಲ್ಲಿ ಒಂದು ಡಬ್ಬಿ ಮುಚ್ಚಳ ತೆಗೆದು ನೋಡ್ದೆ, ಎಣ್ಣೆ ಒಂದು ಬೆರಳು ಇಳಿದಿತ್ತು. ಈ ಬಾಟ್ಲಿ ಎಣ್ಣೇನೇ ತುಂಬಿಸಿ ಬೊಟ್ಟು ಇಟ್ಟೆ."

ಅವರು ಇದನ್ನು ಹೇಳುವಾಗ ದನಿಯಲ್ಲಿ ಯಾವ ಅಳುಕೂ ಇರಲಿಲ್ಲ. ಮಗನ ವಸ್ತುವಿಗೆ ಮಾಡಿದ ಸೇವೆಯನ್ನು ಹೇಳುತ್ತಿದ್ದರು. ಎದುರಿಗಿದ್ದ ನಮ್ಮಿಬ್ಬರ ಮುಖ ನೋಡಿ ಮಾತು ನಿಧಾನವಾಯಿತು.

"ಯಾಕೆ ಸ್ವಾಮಿ? ಅದರಿಂದ ಏನಾದ್ರೂ...?"

"ಇಲ್ಲ ಯಜಮಾನ್ರೇ. ಸುಮ್ನೆ ಕೇಳ್ದೆ," ಎಂದೆ. ಅದು ನನ್ನ ಜೀವನದಲ್ಲಿ ನಾನು ಹೇಳಿದ ಅತಿ ಕೆಟ್ಟ ಸುಳ್ಳೋ, ಅತಿ ಒಳ್ಳೆಯ ಸುಳ್ಳೋ ಇಂದಿಗೂ ನನಗೆ ಗೊತ್ತಿಲ್ಲ.

ವಿದ್ಯಾ ನನ್ನ ಹಿಂದೆಯೇ ಹೊರಗಿನ ಡ್ರೈವ್‌ವೇ ತನಕ ಬಂದಳು.

"ಅದೇನಾ ಅಂಕಲ್?"

"ಅದೇ ಕಣಮ್ಮ. ಆದ್ರೆ ಅದೊಂದೇ ಅಲ್ಲ." ನಾನು ಉಳಿದದ್ದನ್ನೂ ಹೇಳಿದೆ. ಉಬ್ಬಿದ್ದ ರಬ್ಬರ್, ಒರೆಸಿದ ಕುಂಕುಮ, ನಾಮಕರಣದ ಊಟ, ಎಲ್ಲವನ್ನೂ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಅವರ ಮನೆಯ ಅಂಚೆ ಡಬ್ಬಿಯನ್ನು ನೋಡುತ್ತ ಹೇಳಿದೆ.

"ಅಂದ್ರೆ ಅವ್ರು ಸರಿಯಾದ ಟೈಮಿಗೆ ನಿಮ್ಮ ಹತ್ರ ತಂದಿದ್ರು."

"ತಂದಿದ್ದ."

"ನೀವು ಸರಿ ಹೋಗಿದೆ ಅಂದ್ರಿ. ಅವ್ರು ನಂಬಿದ್ರು."

"ಹೌದಮ್ಮ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ಆಮೇಲೆ ಹೇಳಿದ್ದು ಎರಡೇ ಮಾತು. "ಮಾವಂಗೆ ಹೇಳ್ಬೇಡಿ. ನೀವು ಮಾಡಿದ್ದನ್ನ ಬರೆದು ಕೊಡಿ, ಇಂಗ್ಲಿಷ್‌ನಲ್ಲಿ. ಅನಿಕಾ ಓದ್ಬೇಕು."

ಒಳಗೆ ಹೋಗುವಾಗ ಅವಳು ಅಳುತ್ತಿದ್ದಳು. ಅವನು ಸತ್ತು ಐದು ವಾರವಾದ ಮೇಲೆ, ಮೊದಲ ಸಲ.

ಪತ್ರ ಬರೆದೆ. ಒಂದೇ ಪುಟ. ದೋಷ ಕಂಡ ಮೂರೇ ದಿನಕ್ಕೆ ಮಾಲೀಕರು ವಾಹನವನ್ನು ನುರಿತ ಮೆಕ್ಯಾನಿಕ್ ಬಳಿ ತಂದರು. ದ್ರವದಲ್ಲಿ ಬೇರೆ ತೈಲ ಬೆರೆತಿರುವ ಸ್ಪಷ್ಟ ಗುರುತು ಅಂದೇ ಇತ್ತು. ಅದನ್ನು ಕಂಡೂ ಗುರುತಿಸದೆ, ವಾಹನ ಸರಿಯಾಗಿದೆ ಎಂದು ಹೇಳಿ ಕಳುಹಿಸಿದವನು ಕೆಳಗೆ ಸಹಿ ಮಾಡಿರುವ ನಾನು. ಮಾಲೀಕರ ಕಡೆಯಿಂದ ಯಾವ ನಿರ್ಲಕ್ಷ್ಯವೂ ಆಗಿಲ್ಲ. ಎಣ್ಣೆ ಹೇಗೆ ಬೆರೆಯಿತು ಎಂಬುದನ್ನು ಬರೆಯಲಿಲ್ಲ. ಒಂದು ಪ್ರತಿ ವಿದ್ಯಾಳಿಗೆ, ಒಂದು ವಿಮೆಯವರಿಗೆ. ನನ್ನ ಹೆಂಡತಿ ಅದನ್ನು ಓದಿ, "ಇಷ್ಟೊಂದು ಬರೀಬೇಕಿತ್ತಾ?" ಎಂದಳು. ಆಮೇಲೆ ಅವಳೇ ಸ್ಟ್ಯಾಂಪ್ ತಂದು ಕೊಟ್ಟಳು.

ನನಗೆ ಏನಾಯಿತು ಎಂಬುದು ದೊಡ್ಡ ವಿಷಯವಲ್ಲ. ವಕೀಲರೊಬ್ಬರು ಇಂಥದ್ದನ್ನು ಯಾರಾದರೂ ಬರೆದು ಕೊಡುತ್ತಾರೆಯೇ ಎಂದು ಗದರಿದರು. ಕೆಲವು ಮನೆಯವರು ಕಾರು ತರುವುದನ್ನು ನಿಲ್ಲಿಸಿದರು, ನ್ಯಾಯವೇ. ಪತ್ರ ಕಳಿಸಿದ ಮರುವಾರ ಅನಿಕಾಳಿಂದ ಫೋನಿಗೆ ಒಂದು ಮೆಸೇಜ್ ಬಂತು. 'ಅಂಕಲ್, ಲೆಟರ್ ಓದಿದೆ. ಸೋ ಡ್ಯಾಡ್ ಮಿಸ್ಟೇಕ್ ಮಾಡಿಲ್ಲ. ಐ ಆಮ್ ಸ್ಟಿಲ್ ವೆರಿ ಆಂಗ್ರಿ ವಿತ್ ಯು.' ನಾನು ಅದಕ್ಕೆ ಉತ್ತರ ಬರೆಯಲಿಲ್ಲ. ಅಳಿಸಲೂ ಇಲ್ಲ.

ಮಾರ್ಚಿನಲ್ಲಿ ಗೋವಿಂದಯ್ಯನವರು ಊರಿಗೆ ಹೊರಡುವವರಿದ್ದರು. ಹೊರಡುವ ಎರಡು ದಿನ ಮೊದಲು, ಮಧ್ಯಾಹ್ನ, ವಿದ್ಯಾ ಅವರನ್ನು ನನ್ನ ವರ್ಕ್‌ಶಾಪಿಗೆ ಕರೆತಂದಳು. ತಾನು ಕಾರಿನಿಂದ ಇಳಿಯಲಿಲ್ಲ. ಮಾವನವರು ಹಟ ಮಾಡಿದರು ಎಂದಷ್ಟೇ ಕಿಟಕಿಯಿಂದ ಹೇಳಿದಳು. ಅವರು ಒಳಗೆ ಬಂದು, ನಾನು ಹೇಳುವ ಮೊದಲೇ, ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಂಗಿಯ ಜೇಬಿನಿಂದ ಉದ್ದ ಮೂತಿಯ ಬಾಟಲಿ ತೆಗೆದು ನನ್ನ ಬೆಂಚಿನ ಮೇಲಿಟ್ಟರು.

"ಇದು ಇಲ್ಲೇ ಇರ್ಲಿ ಸ್ವಾಮಿ. ನಾನು ಇನ್ನು ಮಿಷನ್ ತುಳಿಯಲ್ಲ."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. "ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ. ಅವತ್ತು ನೀವು ಆ ಬಾಟ್ಲಿ ನೋಡಿದ್ರಲ್ಲ, ಆಗ್ಲೇ ತಿಳೀತು. ನನ್ನ ಸೊಸೆಗೆ ನಂಗೊತ್ತಿಲ್ಲ ಅಂತಾನೇ ಇರ್ಲಿ. ಅವಳು ನನಗೋಸ್ಕರ ಮುಚ್ಚಿಟ್ಟಿದಾಳೆ, ಅವಳಿಗೋಸ್ಕರ ನಾನೂ ಮುಚ್ಚಿಟ್ಕೋತೀನಿ."

ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತೆ. ತಪ್ಪು ನನ್ನದು, ರಬ್ಬರ್ ನನ್ನ ಕೈಯಲ್ಲೇ ಇತ್ತು ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನನ್ನ ಹಾಗೆ ಮಧ್ಯದಲ್ಲಿ ತಡೆಯಲಿಲ್ಲ. ಆಮೇಲೆ ಎದ್ದು, ಮಫ್ಲರ್ ಸರಿಮಾಡಿಕೊಂಡು, ಬಾಗಿಲ ಹತ್ತಿರ ನಿಂತು ಹೇಳಿದರು.

"ಅವತ್ತು ಹೇಳೋಣ ಅಂತಲೇ ಹತ್ರ ಬಂದಿದ್ದೆ ಸ್ವಾಮಿ. ನೀವು ಟೀ ಕೊಟ್ರಿ."

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ.

ಆ ವರ್ಷದ ಕೊನೆಗೆ ವರ್ಕ್‌ಶಾಪನ್ನು ಇನ್ನೊಬ್ಬರಿಗೆ ಒಪ್ಪಿಸಿದೆ. ಒಪ್ಪಿಸುವ ತನಕ ಬಂದ ಪ್ರತಿ ಕಾರಿನ ವಿಷಯದಲ್ಲೂ ಒಂದು ನಿಯಮ ಪಾಲಿಸಿದೆ. ಸ್ಪ್ಯಾನರ್ ಹಿಡಿಯುವ ಮುಂಚೆ ಕಾರಿನ ಜೊತೆ ಬಂದ ಪ್ರತಿಯೊಬ್ಬರನ್ನೂ, ಅಜ್ಜಿಯಿರಲಿ, ತಾತನಿರಲಿ, ಓಡಿಸಲು ಬಾರದವರಿರಲಿ, ಎದುರಿಗೆ ನಿಲ್ಲಿಸಿಕೊಂಡು, ಇದನ್ನು ಕೊನೆಗೆ ಯಾರು ಮುಟ್ಟಿದರು, ಏನು ಮಾಡಿದರು ಎಂದು ಕೇಳುತ್ತಿದ್ದೆ. ಅವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನಲವತ್ತು ವರ್ಷಕ್ಕೂ ಮಿಕ್ಕ ಕಸುಬು ನನಗೆ ಕಲಿಸಿದ ದೊಡ್ಡ ಪಾಠ ಇಷ್ಟೇ. ಅದನ್ನು ಕಲಿಯಲು ನನಗೆ ಇಷ್ಟು ವರ್ಷ ಹಿಡಿಯಿತು, ಅದಕ್ಕೆ ಬೆಲೆ ತೆತ್ತವರು ಬೇರೆಯವರು, ಅದು ನಾನು ಯಾರಿಗೂ ತೀರಿಸಲಾಗದ ಸಾಲ. ಆ ಶನಿವಾರ ಹನ್ನೆರಡೂವರೆಗೆ ನಾನು ಬಾನೆಟ್ಟಿನೊಳಗೆ ತಲೆ ಹಾಕಿ ಹುಡುಕುತ್ತಿದ್ದ ಉತ್ತರ ನನ್ನಿಂದ ನಾಲ್ಕು ಅಡಿ ದೂರದಲ್ಲಿ, ನಾನೇ ಕೂರಿಸಿದ ಕುರ್ಚಿಯಲ್ಲಿ, ನಾನೇ ಕೊಟ್ಟ ಟೀ ಕುಡಿಯುತ್ತ ಕೂತಿತ್ತು.